ಅಪ್ಪನ ಅಕ್ಷರವಿದ್ದ ಡಬ್ಬಿ

ಕೋಲ್ಟರ್ ಫ್ಲಾಟ್, ಮೊಂಟಾನಾ
ಜೂನ್ 9

ಟ್ವೈಲಾ,

“ಹಿತ್ತಾಳೆಗೆ ನೆನಪಿರುತ್ತೆ, ಮದ್ದಿಗೆ ಇರಲ್ಲ.” ಅಪ್ಪ ಹೇಳುತ್ತಿದ್ದದ್ದು ಇಷ್ಟೇನಾ? ಇದರ ಬಾಲಕ್ಕೆ ಇನ್ನೊಂದು ಮಾತು ಇತ್ತು ಅಂತ ನನಗೆ ಅನುಮಾನ. ಸಾಲುಗಳನ್ನು ನೆನಪಿಡುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ನಿಂತು ಯಾರ್ಯಾರದೋ ಪದ್ಯ ಹೇಳಿದವಳಿಗೆ ಸ್ವಂತ ಅಪ್ಪನ ಒಂದು ಮಾತು ಪೂರ್ತಿ ನೆನಪಿಲ್ಲ. ಹಿತ್ತಾಳೆಯ ಭಾಗ ಅರ್ಥವಾಗುತ್ತದೆ. ಹೊಡೆದ ತೋಟಾದ ಹಿತ್ತಾಳೆ ಚಿಪ್ಪು ಕೋವಿಯ ಒಳಮೈಗೆ ಒತ್ತಿಕೊಂಡು ಅದರ ಆಕಾರವನ್ನೇ ತಾಳುತ್ತದೆ. ಹೊಸ ಮದ್ದು, ಗುಂಡು ಹಾಕಿ ಮತ್ತೆ ತುಂಬಿದರೆ ಆ ಕೋವಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಆದರೆ ಕೋವಿಮದ್ದಿಗೆ ನೆನಪಿಲ್ಲದಿದ್ದರೆ ಯಾರಿಗೇನು ನಷ್ಟ? ಅದು ಇರುವುದೇ ಉರಿದುಹೋಗಲಿಕ್ಕೆ. ಅಪ್ಪ ಅದನ್ನು ಎಚ್ಚರಿಕೆ ಕೊಡುವ ದನಿಯಲ್ಲಿ ಯಾಕೆ ಹೇಳುತ್ತಿದ್ದ?

ಇರಲಿ. ಬರೆಯುತ್ತಿರುವುದು ಅದಕ್ಕಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ, ಚರ್ಚಿನ ನೆಲಮಾಳಿಗೆಯಲ್ಲಿ, ಊರಿನವರೆಲ್ಲ ಹ್ಯಾಮ್ ಸ್ಯಾಂಡ್‌ವಿಚ್ ಹಿಡಿದು ನೋಡುತ್ತಿದ್ದಾಗ ನೀನು ನನಗೆ ಹೇಳಿದೆ: “ಇನ್ನು ಏನಿದ್ರೂ ಬರೆದು ಕಳಿಸು. ನಿನ್ನ ದನಿ ಕೇಳೋಕೆ ನನ್ನಿಂದ ಆಗಲ್ಲ.” ಆದ್ದರಿಂದ ಬರೆಯುತ್ತಿದ್ದೇನೆ.

ಅಪ್ಪನ ಉಯಿಲು ನಿನಗೂ ಗೊತ್ತು. “ಕೋವಿ ಕೊರಿನ್‌ಗೆ. ಬೆಂಚು ಟ್ವೈಲಾಗೆ, ಅವಳು ಈಗಾಗಲೇ ಒಯ್ದಾಗಿದೆ.” ಎರಡನೇ ವಾಕ್ಯದಲ್ಲಿರುವ ಕಹಿ ವಕೀಲನದ್ದಲ್ಲ, ಅಪ್ಪನದ್ದೇ. ನಲವತ್ತು ವರ್ಷ ತಾನು ಕೂತು ತೋಟಾ ತುಂಬುತ್ತಿದ್ದ ಕೆಲಸದ ಬೆಂಚನ್ನು, ಗುಂಡು ಒತ್ತುವ ಪ್ರೆಸ್ಸು, ತಕ್ಕಡಿ, ಮದ್ದಿನ ಡಬ್ಬಿಗಳ ಸಮೇತ, ನೀನು ಹಗಲುಹೊತ್ತಿನಲ್ಲಿ ಟ್ರಕ್ಕಿಗೆ ಹೇರಿಕೊಂಡು ಹೋದೆ. ಅವನು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಎರಡು ವರ್ಷ, ಪ್ರತಿ ಭಾನುವಾರ, ಕಣಿವೆಯಾಚೆ ನಿನ್ನೂರಿನಿಂದ ಫೋನಿನಲ್ಲಿ ನನಗೆ ಅದನ್ನೇ ಹೇಳಿದ: “ನಿನ್ನಕ್ಕ ನನ್ನ ಬೆಂಚು ಕದ್ಲು ಕಣೇ.”

ಈಗ ಕೋವಿ ನನ್ನ ಮನೆಯಲ್ಲಿದೆ. ಅದರ ಅಳತೆಯ ತೋಟಾವನ್ನು ಕಂಪನಿಗಳು ಮಾಡುವುದು ಬಿಟ್ಟು ಎಷ್ಟೋ ಕಾಲವಾಯಿತಂತೆ. ಮನೆಯಲ್ಲಿ ತುಂಬಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಲ ಎಲ್ಕ್ ಜಿಂಕೆಯ ಬೇಟೆಗೆ ಪರವಾನಗಿ ಪಡೆದಿದ್ದೇನೆ. ನಗಬೇಡ. ಪ್ರಾಣಿ ಸಿಗುತ್ತದೋ ಬಿಡುತ್ತದೋ, ಅಪ್ಪ ಕೂರುತ್ತಿದ್ದ ಗುಡ್ಡದ ಏಣಿನ ಮೇಲೆ ಕೂತು ಅವನ ಕೋವಿಯ ಸದ್ದನ್ನು ನಾನೇ ಒಂದು ಸಲ ಕೇಳಬೇಕು. ಅವನು ನಿನ್ನನ್ನು ಹನ್ನೆರಡನೇ ವಯಸ್ಸಿಗೇ ಬೇಟೆಗೆ ಕರೆದುಕೊಂಡು ಹೋದ. ನಾನು ಕಾಫಿಯ ಫ್ಲಾಸ್ಕ್ ಹೊತ್ತದ್ದು ಒಂದು ಸಲ.

ಇಪ್ಪತ್ತು ತೋಟಾ ತುಂಬಿ ಕೊಡು. ಬೇರೇನೂ ಕೇಳುವುದಿಲ್ಲ.

ಕೊರಿನ್


ಶೆಲ್ ಕ್ರೀಕ್
ಜೂನ್ 20

ಕೊರಿನ್,

ಇಲ್ಲ.

ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಹೊಡೆಯಬಾರದು. ಅದು ನಿಯಮ. ತೋಟಾ ತುಂಬುವ ಯಾರನ್ನಾದರೂ ಕೇಳು, ಇದನ್ನೇ ಹೇಳುತ್ತಾರೆ.

ಕೋವಿಯನ್ನು ಗೋಡೆಗೆ ಹಾಕು, ನಿನ್ನ ಕವಿಗಳ ಫೋಟೋಗಳ ಪಕ್ಕದಲ್ಲಿ. ಚೆನ್ನಾಗಿ ಕಾಣುತ್ತದೆ. ನಿನಗೆ ಸದ್ದೇ ಬೇಕಿದ್ದರೆ ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಪಟಾಕಿ ಹೊಡಿ.

ಕರು ಹಾಕುವ ಕಾಲ ಮುಗಿದರೂ ನನಗೆ ಪುರುಸೊತ್ತಿಲ್ಲ. ನಿನ್ನೆ ಒಂದು ಹಸುವಿನ ಹೊಟ್ಟೆಯಲ್ಲಿ ಹೆಗಲವರೆಗೆ ಕೈ ಇಟ್ಟುಕೊಂಡು ನಿನ್ನ ಕಾಗದದ ಬಗ್ಗೆ ಯೋಚಿಸಿದೆ. ಹಸು ಒದೆಯಿತು. ಸರಿಯಾಗಿಯೇ ಮಾಡಿತು.

ಟ್ವೈಲಾ


ಕೋಲ್ಟರ್ ಫ್ಲಾಟ್
ಜುಲೈ 6

ಟ್ವೈಲಾ,

ನಿಯಮವಂತೆ! ನಿನಗೆ ಹದಿನೈದಾಗುವವರೆಗೆ ನೀನು ಹೊಡೆದ ಪ್ರತಿಯೊಂದು ತೋಟಾ ಅಪ್ಪ ತುಂಬಿದ್ದು. ಅವನು ಬೆರಳು ಕತ್ತರಿಸಿಕೊಂಡ ವರ್ಷ ಅವನು ಹೊಡೆದದ್ದೆಲ್ಲ ನೀನು ತುಂಬಿದ್ದು. ಆಗ ಎಲ್ಲಿ ಮಲಗಿತ್ತು ಈ ನಿಯಮ? ಕೊಡುವುದಿಲ್ಲ ಅನ್ನು, ನಂಬುತ್ತೇನೆ. ನಿಯಮ ಅನ್ನಬೇಡ.

ಸರಿ, ನಾನೇ ತುಂಬಿಕೊಳ್ಳುತ್ತೇನೆ.

ವೆಂಡಲ್‌ನ ಬಂದೂಕಿನ ಅಂಗಡಿಗೆ ಹೋಗಿದ್ದೆ. ಒಲೆಯ ಪಕ್ಕದ ಬೆಂಚಿನಲ್ಲಿ ಕಾಫಿ ಲೋಟ ಹಿಡಿದು ಕೂರುವ ಆ ಮೂವರು ಈಗಲೂ ಕೂತಿದ್ದಾರೆ. ಬೇಸಿಗೆ, ಒಲೆ ಉರಿಯುತ್ತಿಲ್ಲ, ಆದರೂ ಅಲ್ಲೇ. ನಾನು ಒಳಗೆ ಕಾಲಿಟ್ಟದ್ದೇ ಒಬ್ಬ ಅಂದ: “ಬನ್ನಿ ಪ್ರೊಫೆಸರಮ್ಮಾ. ಪುಸ್ತಕದಂಗಡಿ ಎದುರುಗಡೆ.”

“ತೋಟಾ ತುಂಬೋ ಸಾಮಾನು ಬೇಕು,” ಅಂದೆ.

“ಯಾರಿಗೆ?”

“ನನಗೆ.”

ಬೆಂಚಿನ ಮೂವರೂ ಕಿಸಕ್ಕೆಂದರು. ವೆಂಡಲ್ ಮಾತ್ರ ನಗಲಿಲ್ಲ. “ನಾಲ್ಕೇ ನಾಲ್ಕು ಸಾಮಾನು. ಹಿತ್ತಾಳೆ, ಕಿಡಿ ಹಾರಿಸೋ ಕೇಪು, ಮದ್ದು, ಗುಂಡು. ಯಾವ್ದಿದೆ, ಯಾವ್ದಿಲ್ಲ?” ಅಂದ.

“ಹಿತ್ತಾಳೆ ಇದೆ. ಅಪ್ಪ ಒಂದು ಕಾಫಿ ಡಬ್ಬಿ ತುಂಬ ಖಾಲಿ ತೋಟಾ ಬಿಟ್ಟು ಹೋಗಿದ್ದಾನೆ.”

“ನಿಮ್ಮಪ್ಪ ಆರ್ಲೋ ಬಿಟ್ಟು ಹೋಗದೆ ಇರೋದುಂಟಾ! ಗುಂಡು ಕೊಡ್ತೀನಿ. ಕೇಪು ಒಬ್ರಿಗೆ ಒಂದೇ ಪೆಟ್ಟಿಗೆ, ಈ ವರ್ಷ ದೇಶಾನೇ ಬರಗೆಟ್ಟಿದೆ. ದೊಡ್ಡದೋ ಸಣ್ಣದೋ?”

“ದೊಡ್ಡದು,” ಅಂದೆ, ಗೊತ್ತಿದ್ದವಳ ಹಾಗೆ. ಅವನ ಸಹಾಯಕ ಅಷ್ಟರಲ್ಲಿ ಒಂದು ಪೆಟ್ಟಿಗೆ ತಂದು ಇಟ್ಟ. ಅದನ್ನೇ ಕೊಂಡುಕೊಂಡೆ. ಮನೆಗೆ ಬಂದು ಓದಿದರೆ ಅದು ದೊಡ್ಡದೇ, ಆದರೆ ಪಿಸ್ತೂಲಿನ ಕೇಪು. ವಾಪಸ್ಸು ಕೊಡಲು ಹೋದರೆ ವೆಂಡಲ್ ಕೌಂಟರಿನ ಮೇಲಿನ ಬೋರ್ಡು ತೋರಿಸಿದ. ಕೇಪು, ಮದ್ದು ಒಮ್ಮೆ ಬಾಗಿಲು ದಾಟಿದರೆ ಹಿಂದಕ್ಕೆ ಪಡೆಯುವುದಿಲ್ಲ.

“ಪೆಟ್ಟಿಗೆ ತೆರೆದೇ ಇಲ್ಲ ವೆಂಡಲ್!”

“ತೆರೆದಿಲ್ಲ ಅಂತ ನೀವು ಹೇಳ್ತೀರಿ. ನಾನು ನಂಬ್ತೀನಿ. ಆದ್ರೆ ಇದನ್ನ ನೀವಾದ್ಮೇಲೆ ಕೊಳ್ಳೋನು ನಿಮ್ಮನ್ನ ನೋಡೇ ಇಲ್ವಲ್ಲ?”

ಒಲೆಯ ಪಕ್ಕದವನು ಅಂದ, “ಪಿಸ್ತೂಲ್ ತಗೊಂಬಿಡಿ ಪ್ರೊಫೆಸರಮ್ಮಾ. ಕೇಪಿಗೆ ತಕ್ಕ ಕೋವಿ!” ಮೂವರೂ ಕೆಮ್ಮುವಷ್ಟು ನಕ್ಕರು. ಆ ನಗು ಬೆನ್ನಿಗಂಟಿಸಿಕೊಂಡು ಹೊರಗೆ ಬರುವಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಿನ್ನ ಮೇಲೆ ಬಂತು. ನೀನು ಪಕ್ಕದಲ್ಲಿ ನಿಂತಿದ್ದರೆ ಅವರಲ್ಲಿ ಒಬ್ಬನೂ ಬಾಯಿ ಬಿಡುತ್ತಿರಲಿಲ್ಲ.

ಹಳೆಯದೊಂದು ಪ್ರೆಸ್ಸು ಸಿಕ್ಕಿದೆ, ತಕ್ಕಡಿ ಸಿಕ್ಕಿದೆ, ಮುಂದಿನ ಲೋಡಿನಲ್ಲಿ ಸರಿಯಾದ ಕೇಪು ಎತ್ತಿಡುತ್ತೇನೆ ಅಂದಿದ್ದಾನೆ. ಮದ್ದು ಮಾತ್ರ ಎಲ್ಲೂ ಇಲ್ಲ. ಅಪ್ಪನ ಕೋವಿಗೆ ಹೊಂದುವ ಮದ್ದು ಈ ಜಿಲ್ಲೆಯಲ್ಲಿ ಇರುವುದು ಒಂದೇ ಮನೆಯಲ್ಲಿ. ಅದು ಯಾರ ಮನೆ ಅಂತ ಹೇಳಬೇಕಾಗಿಲ್ಲ.

ಕೊರಿನ್


ಕೋಲ್ಟರ್ ಫ್ಲಾಟ್
ಆಗಸ್ಟ್ 15

ಟ್ವೈಲಾ,

ನೀನು ಉತ್ತರ ಬರೆಯಲಿಲ್ಲ. ಬೇಡ. ನನಗೆ ಮದ್ದು ಸಿಕ್ಕಿತು. ಎಲ್ಲಿ ಅಂತ ಕೇಳಿದರೆ ನಿನಗೆ ಹೊಟ್ಟೆ ಉರಿಯಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಡೆಲ್ಫೀನ್ ಸ್ಯಾಥರ್ ಈ ಶನಿವಾರ ಗ್ಯಾರೇಜು ಖಾಲಿ ಮಾಡಿದಳು. ಅವಳ ಗಂಡ ಹಾರ್ವಿ ಸತ್ತು ವರ್ಷವಾಯಿತು. ಅಪ್ಪನೂ ಹಾರ್ವಿಯೂ ಎಷ್ಟು ಬೇಟೆಗೆ ಒಟ್ಟಿಗೆ ಹೋದವರು ಅಂತ ನಿನಗೆ ಗೊತ್ತು. ಮೀನಿನ ಗಾಳ, ಮಂಜಿನ ಬೂಟು, ಮೂರು ಗರಗಸ, ಅವುಗಳ ಹಿಂದೆ ಶೆಲ್ಫಿನ ಮೂಲೆಯಲ್ಲಿ ಒಂದು ಮದ್ದಿನ ಡಬ್ಬಿ. ಸೀಲು ಒಡೆದಿದೆ, ಮುಕ್ಕಾಲು ಭಾಗ ಇದೆ. ಅದರ ಮೇಲೆ ಕಾಗದದ ಅಂಟುಪಟ್ಟಿ, ಪಟ್ಟಿಯ ಮೇಲೆ ಅಪ್ಪನ ಅಕ್ಷರ. ಯಾವ ಜಾತಿಯ ಮದ್ದು ಎನ್ನುವ ಅಂಕಿ, ಕೆಳಗೆ “ನನ್ನ ಕೋವಿಗೆ. ಒಳ್ಳೇದು,” ಕೊನೆಗೆ ಅವನ ಹೆಸರಿನ ಮೊದಲಕ್ಷರ, “ಆ.ಬ್ರೆ.”

ಟ್ವೈಲಾ, ನಾನು ಆ ಗ್ಯಾರೇಜಿನಲ್ಲಿ, ಅಪರಿಚಿತರ ನಡುವೆ, ಆ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟೆ. ಉಯಿಲು ಟೈಪು ಮಾಡಿದ್ದು. ಹುಟ್ಟುಹಬ್ಬದ ಕಾರ್ಡುಗಳ ಮೇಲೆ ಅವನು ಹೆಸರು ಬಿಟ್ಟು ಏನೂ ಬರೆದವನಲ್ಲ. “ಒಳ್ಳೇದು” ಅಂತ ಅವನ ಕೈಯಲ್ಲಿ ಬರೆದದ್ದನ್ನು ನಾನು ಕಂಡದ್ದು ಇದೇ ಮೊದಲು.

ಡೆಲ್ಫೀನ್ ದುಡ್ಡು ತೆಗೆದುಕೊಳ್ಳಲಿಲ್ಲ. “ನಿಮ್ಮಪ್ಪಂದೇ ಅಲ್ವಾ, ತಗೊಂಡ್ಹೋಗು,” ಅಂದಳು.

ಕೇಪೂ ಬಂದಿದೆ. ಈ ವಾರ ಕೂತು ತುಂಬುತ್ತೇನೆ. ತಿಂಗಳ ಕೊನೆಯ ಭಾನುವಾರ ಊರಾಚೆಯ ಜಲ್ಲಿ ಗುಂಡಿಗೆ ಹೋಗಿ ಹೊಡೆದು ನೋಡುತ್ತೇನೆ. ಕೊನೆಗೂ ಅಪ್ಪ ನನಗೆ ಕೋವಿಯ ಜೊತೆ ಮದ್ದನ್ನೂ ಕೊಟ್ಟ, ನಿನ್ನ ಕೈ ತಪ್ಪಿಸಿ.

ಕೊರಿನ್


ಶೆಲ್ ಕ್ರೀಕ್
ಆಗಸ್ಟ್ 19

ಕೊರಿನ್,

ಆ ಡಬ್ಬಿ ಮುಟ್ಟಬೇಡ. ತುಂಬಿದ್ದರೆ ಹೊಡೆಯಬೇಡ. ಡಬ್ಬಿಯನ್ನು ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿಬಿಡು, ಎಲ್ಲರೂ ಹಾಳು ಮದ್ದಿಗೆ ಮಾಡುವುದು ಅದನ್ನೇ, ಗೊಬ್ಬರವಾಗುತ್ತದೆ. ಆಮೇಲೆ ಪಟ್ಟಿ ಕಿತ್ತು ಸುಡು. ಖಾಲಿ ಡಬ್ಬಿಯ ಮೇಲೆ ಹೆಸರು ಉಳಿದರೆ ಇನ್ನೊಬ್ಬ ಮೂರ್ಖ ಅದನ್ನು ನಂಬುತ್ತಾನೆ.

ಸೀಲು ಒಡೆದ ಡಬ್ಬಿಯನ್ನು ಯಾರಿಂದಲೂ ತೆಗೆದುಕೊಳ್ಳಬಾರದು. ಇದು ಮೊದಲ ಪಾಠ. ನಿನಗೆ ಇದೂ ಗೊತ್ತಿಲ್ಲದಿದ್ದರೆ ಪ್ರೆಸ್ಸಿನ ಹತ್ತಿರವೇ ಹೋಗಬಾರದು.

ನಾಲ್ಕು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತು.

ಟ್ವೈಲಾ


ಕೋಲ್ಟರ್ ಫ್ಲಾಟ್
ಆಗಸ್ಟ್ 23

ಟ್ವೈಲಾ,

ಎತ್ತುವುದಿಲ್ಲ. ನನ್ನ ದನಿ ಕೇಳಲಾರೆ ಅಂದವಳು ನೀನು.

ನಿನ್ನೆ ಡೆಲ್ಫೀನ್ ಏಪ್ರನ್ನಿನಲ್ಲೇ ಓಡಿಬಂದು ಬಾಗಿಲು ಬಡಿದಳು. “ನಿನ್ನಕ್ಕ ಫೋನ್ ಮಾಡಿ ನನ್ ಮೇಲೆ ಕೂಗಾಡಿದ್ಲಮ್ಮಾ! ನಾನೇನೋ ವಿಷ ಮಾರಿದೀನಿ ಅನ್ನೋ ಹಾಗೆ! ನಾನು ಮಾರೇ ಇಲ್ಲ, ಸುಮ್ನೆ ಕೊಟ್ಟೆ ಅಂದ್ರೆ ಇನ್ನೂ ಜೋರು ಮಾಡ್ತಾಳೆ. ಏನದು, ನಿಮ್ಮಿಬ್ರದು?” ನಾನು ಏನೂ ಇಲ್ಲ ಅಂದೆ. ಏನೂ ಇಲ್ಲ ಅನ್ನುವುದು ನಮ್ಮ ಮನೆಯ ಕುಲದೈವ ತಾನೆ.

ಮುಟ್ಟಬೇಡ. ಚೆಲ್ಲು. ಸುಡು. ಎತ್ತು. ನಿನ್ನ ಇಡೀ ಕಾಗದದಲ್ಲಿ “ಯಾಕೆಂದರೆ” ಎನ್ನುವ ಪದ ಒಂದು ಸಲವೂ ಇಲ್ಲ. ನನ್ನನ್ನು ನೀನು ಸಾಕಿದ ಕುದುರೆ ಅಂದುಕೊಂಡಿದ್ದೀಯಾ?

ಯಾರಿಂದಲೂ ತೆಗೆದುಕೊಳ್ಳಬಾರದಂತೆ. ಅಪ್ಪ “ಯಾರೋ” ಆದದ್ದು ಯಾವಾಗ? ಒಂದೇ ಡಬ್ಬಿಯನ್ನು ಬೆಂಚಿನ ಮೇಲಿಡಬೇಕು, ಎರಡನೆಯದನ್ನು ತೆಗೆಯುವ ಮೊದಲು ಮೊದಲನೆಯದನ್ನು ಮುಚ್ಚಿ ಶೆಲ್ಫಿಗೆ ಸೇರಿಸಬೇಕು ಅಂತ ನಮಗೆ ಹೇಳಿಕೊಟ್ಟವನು ಅವನು. ಅವನ ಕೈಯ ಕೆಲಸವನ್ನು ನಂಬದೆ ನಾನು ನಿನ್ನ ಬೆದರಿಕೆಯನ್ನು ನಂಬಬೇಕು. ಬೆಂಚು ಒಯ್ದೆ, ಅವನ ಕೊನೆಯ ಎರಡು ವರ್ಷದ ಸುಖ ಒಯ್ದೆ, ಈಗ ಅವನ ಅಕ್ಷರವಿರುವ ಒಂದು ಡಬ್ಬಿ ನನ್ನ ಪಾಲಿಗೆ ಬಂದರೆ ಅದನ್ನೂ ಹುಲ್ಲಿಗೆ ಚೆಲ್ಲಿಸಬೇಕು ನಿನಗೆ.

ಇಪ್ಪತ್ತು ತೋಟಾ ತುಂಬಿ ಆಯಿತು. ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ನಿಂತಿವೆ, ನೋಡಿದರೆ ಕಣ್ಣು ತುಂಬುವಷ್ಟು ಚೆನ್ನಾಗಿವೆ. ಭಾನುವಾರ ಹೋಗುತ್ತೇನೆ.

ಕೊರಿನ್


ಶೆಲ್ ಕ್ರೀಕ್
ಆಗಸ್ಟ್ 26, ಗುರುವಾರ

ಕೊರಿನ್,

ಇದನ್ನು ಕೊರಿಯರಿನವನ ಕೈಗೆ ಕೊಡುತ್ತಿದ್ದೇನೆ, ನಾಳೆ ನಿನ್ನ ಕೈ ಸೇರಬೇಕು. ಇಲ್ಲಿ ಕುದುರೆಗಳಿಗೆ ಗಂಟಲುಬೇನೆ ಹಬ್ಬಿದೆ, ಬಿಟ್ಟು ಬರುವ ಹಾಗಿಲ್ಲ. ಶನಿವಾರ ಸಂಜೆಯೊಳಗೆ ನೀನು ಹೊಡೆಯುವುದಿಲ್ಲ ಅಂತ ಡೆಲ್ಫೀನ್ ಕೈಲಾದರೂ ಹೇಳಿಕಳಿಸದಿದ್ದರೆ ಕುದುರೆಗಳು ಸತ್ತರೂ ಸರಿ, ಬಂದು ನಿನ್ನ ಟ್ರಕ್ಕಿನ ಚಕ್ರಕ್ಕೆ ಮೊಳೆ ಹೊಡೆಯುತ್ತೇನೆ.

ಲಕೋಟೆಯಲ್ಲಿ ಒಂದು ಖಾಲಿ ತೋಟಾ ಇದೆ. ಮೊದಲು ಅದನ್ನು ನೋಡು. ಬುಡ ಉಬ್ಬಿದೆ. ಕೇಪು ಕೂರುವ ಗುಳಿ ಹಿಗ್ಗಿದೆ. ಕೇಪು ತಾನಾಗಿ ಉದುರಿ ಹೋಯಿತು. ಬುಡದ ಮೇಲೆ ಅಚ್ಚೊತ್ತಿದ ಅಕ್ಷರ ಉಜ್ಜಿದ ಹಾಗೆ ಚಪ್ಪಟೆಯಾಗಿದೆ. ಅದು ನಿನ್ನ ಮನೆಯಲ್ಲಿರುವ ಕೋವಿಯಿಂದ ಬಂದದ್ದು.

ಎರಡು ವರ್ಷದ ಹಿಂದೆ, ಮಾರ್ಚ್, ಇಲ್ಲಿನ ಜಲ್ಲಿ ಗುಂಡಿ. ಅಪ್ಪ ತಾನೇ ತುಂಬಿದ ತೋಟಾ ಹಾಕಿ ಹೊಡೆದ. ಸದ್ದು ಬೇರೆಯಾಗಿತ್ತು. ಕೋವಿಯ ಹಿಂಬದಿಯ ಬೋಲ್ಟ್ ತೆರೆಯಲಿಲ್ಲ. ನಾನು ಮರದ ತುಂಡಿನಿಂದ ಬಡಿದು ತೆರೆದೆ. ಅಪ್ಪನ ಕೆನ್ನೆಯ ಮೇಲೆಲ್ಲ ಕರಿ ಚುಕ್ಕೆ, ಕಣ್ಣಿನ ಕೆಳಗೆ ಒಂದು ಗೆರೆ ರಕ್ತ. ಒರೆಸಿಕೊಂಡು, “ಹಿತ್ತಾಳೆ ಹಳೇದು, ಅಷ್ಟೇ,” ಅಂದ. ಮುಂದಿನದನ್ನು ಹಾಕಲು ಹೊರಟ. ನಾನು ಕೋವಿ ಕಿತ್ತುಕೊಂಡೆ. (ಅದನ್ನು ಕೋವಿ ರಿಪೇರಿಯವನಿಗೆ ತೋರಿಸಿದ್ದೇನೆ. ಕೋವಿಗೆ ಏನೂ ಆಗಿಲ್ಲ.)

ಮನೆಗೆ ಬಂದು ನೋಡಿದರೆ ಬೆಂಚಿನ ಮೇಲೆ ಮೂರು ಡಬ್ಬಿ, ಮೂರೂ ಬಾಯಿ ತೆರೆದಿವೆ. ಮದ್ದು ಸುರಿಯುವ ಆಲಿಕೆ ತುಂಬಿದೆ, ಅದರ ಮೇಲೆ ಯಾವ ಮದ್ದು ಅಂತ ಚೀಟಿ ಇಲ್ಲ. “ಇದು ಯಾವ ಡಬ್ಬಿದು ಅಪ್ಪಾ?” ಅಂದೆ. ಒಂದನ್ನು ತೋರಿಸಿದ. ಆಮೇಲೆ ಇನ್ನೊಂದನ್ನು ತೋರಿಸಿದ. ಆಮೇಲೆ, “ನನಗೇ ಪಾಠ ಹೇಳ್ತೀಯಾ?” ಅಂತ ಅರಚಿದ. ಆಲಿಕೆಯಲ್ಲಿ ಉಳಿದದ್ದನ್ನು ಕೈಗೆ ಸಿಕ್ಕ ಡಬ್ಬಿಗೆ ಸುರಿದು ಮುಚ್ಚುತ್ತಾ ಬಂದಿದ್ದ. ಎಷ್ಟು ತಿಂಗಳಿಂದ ಅಂತ ಗೊತ್ತಿಲ್ಲ. ಒಂದು ನಿಧಾನ ಉರಿಯುವ ಮದ್ದು, ಇನ್ನೊಂದು ಭಗ್ಗನೆ ಉರಿದು ಕೋವಿಯನ್ನೇ ಒಡೆಯಬಲ್ಲದ್ದು. ಎರಡೂ ಬೂದುಬಣ್ಣದ ಕಡ್ಡಿಚೂರು. ನೋಡಿದರೆ ಗೊತ್ತಾಗುವುದಿಲ್ಲ, ತೂಗಿದರೂ ಗೊತ್ತಾಗುವುದಿಲ್ಲ.

ನಿನ್ನ ಡಬ್ಬಿಯಲ್ಲಿ ಇರುವುದು ಒಳ್ಳೆಯದೇ ಇರಬಹುದು. ಅದನ್ನು ತಿಳಿಯುವ ದಾರಿ ಒಂದೇ, ಅದನ್ನು ನಿನ್ನ ಕೆನ್ನೆಯ ಪಕ್ಕದಲ್ಲಿಟ್ಟು ಹೊಡೆಯುವುದು.

ಡಾಕ್ಟರು ಅವನ ಮರೆವಿಗೊಂದು ಹೆಸರು ಹೇಳಿದರು. ಹಿಂದಿರುಗುವಾಗ ಟ್ರಕ್ಕಿನಲ್ಲಿ ಅಪ್ಪ ನನ್ನಿಂದ ಮಾತು ತೆಗೆದುಕೊಂಡ. “ಕೊರಿನ್‌ಗೆ ಹೇಳ್ಬೇಡ. ಅವಳ ಹತ್ರ ನಾನು ಇನ್ನೂ ಪೂರ್ತಿ ಇದೀನಿ.” ನಾನು ಮಾತು ಕೊಟ್ಟೆ. ಬೆಂಚು ಹೇರಿಕೊಂಡು ಬಂದೆ. ಯಾರ್ಯಾರಿಗೆ ಡಬ್ಬಿ ಹಂಚಿದ್ದಾನೋ ಕೇಳಿ ತಿರುಗಿದೆ. ಹಾರ್ವಿ ತನಗೇನೂ ಕೊಟ್ಟಿಲ್ಲ ಅಂದ. ಒಂದು ವಾರದಲ್ಲಿ ಅಪ್ಪ ಮಾತು ತೆಗೆದುಕೊಂಡದ್ದನ್ನೇ ಮರೆತ. ಬೆಂಚು ಹೋದದ್ದು ಮಾತ್ರ ನೆನಪಿಟ್ಟುಕೊಂಡ. ಊರೆಲ್ಲ ಹೇಳಿದ. ನಿನಗೂ ಹೇಳಿದ, ನೀನು “ಪೊಲೀಸರಿಗೆ ಹೇಳಪ್ಪಾ” ಅಂದೆ. ನಾನು ಆಗ ಅವನ ಅಡುಗೆಮನೆಯಲ್ಲೇ ನಿಂತು ಅವನ ಸಾರು ಬಿಸಿ ಮಾಡುತ್ತಿದ್ದೆ. ಅವನು ಫೋನನ್ನು ಸ್ಪೀಕರಿಗೆ ಹಾಕಿದ್ದ. ಅದಾದ ಮೇಲೆ ನನಗೆ ನಿನ್ನ ದನಿ ಕೇಳಲಾಗುವುದಿಲ್ಲ.

ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಹೊಡೆಯಬಾರದು ಎನ್ನುವುದು ಅಪ್ಪ ಕಲಿಸಿದ್ದಲ್ಲ, ನಿಜ. ಜಲ್ಲಿ ಗುಂಡಿಯಿಂದ ಬಂದ ದಿನದಿಂದ ಅದು ನನ್ನ ನಿಯಮ.

ಮತ್ತೆ ನಿನ್ನ ಜೂನ್ ಕಾಗದದ ಪ್ರಶ್ನೆ. ಹೌದು, ಬಾಲ ಇದೆ. “ಹಿತ್ತಾಳೆಗೆ ನೆನಪಿರುತ್ತೆ, ಮದ್ದಿಗೆ ಇರಲ್ಲ. ಅದಕ್ಕೇ ಡಬ್ಬಿ ತೆಗೆದೋನು ನೆನಪಿಟ್ಕೋಬೇಕು.”

ಟ್ವೈಲಾ


ಕೋಲ್ಟರ್ ಫ್ಲಾಟ್
ಸೆಪ್ಟೆಂಬರ್ 21

ಟ್ವೈಲಾ,

ಶನಿವಾರ ಡೆಲ್ಫೀನ್ ಕೈಲಿ ಹೇಳಿಸಿದ್ದು ತಲುಪಿತಲ್ಲ. ಮೂರು ವಾರ ನಾನು ಬರೆಯದೆ ಇದ್ದದ್ದಕ್ಕೆ ಕಾರಣ ಸಿಟ್ಟು. ಅದು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ, ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ವೆಂಡಲ್‌ನ ಹತ್ತಿರ ಹೋಗಿ, ತುಂಬಿದ ತೋಟಾದಿಂದ ಗುಂಡು ಕೀಳುವ ಸುತ್ತಿಗೆ ಕೇಳಿದೆ. ಒಲೆಯ ಪಕ್ಕದವರು ಕಿವಿ ನಿಮಿರಿಸಿದರು.

“ತಪ್ಪಾಯ್ತಾ ಪ್ರೊಫೆಸರಮ್ಮಾ?” ಅಂದ ವೆಂಡಲ್.

“ಆಯ್ತು.”

“ಈ ಸುತ್ತಿಗೆ ಮನೇಲಿಲ್ಲ ಅನ್ನೋನು ಒಂದೋ ಹೊಸಬ, ಇಲ್ಲ ಸುಳ್ಳುಗಾರ,” ಅಂದು ಬೆಂಚಿನ ಕಡೆ ನೋಡಿದ. ಆ ಮೂವರೂ ಕಾಫಿಯೊಳಗೆ ಮುಖ ಇಟ್ಟರು.

ಇಪ್ಪತ್ತನ್ನೂ ಬಡಿದು ಬಿಚ್ಚಿದೆ. ಹಿಂದಿನ ಮೆಟ್ಟಿಲ ಕಲ್ಲಿಗೆ ಸುತ್ತಿಗೆ ಬಡಿಯುವಾಗ ಒಂದೊಂದು ಏಟಿಗೂ ನಿನ್ನ ಹೆಸರು ಹೇಳಿದೆ. ಕೆಲವಕ್ಕೆ ಅಪ್ಪನದು. ಕೊನೆಯ ನಾಲ್ಕೈದಕ್ಕೆ ನನ್ನದು.

ಆಮೇಲೆ ಡಬ್ಬಿ. ಅದನ್ನು ಒಂದು ವಾರ ಮುಟ್ಟಲಿಲ್ಲ. ಅದರ ಮೇಲಿನ “ಒಳ್ಳೇದು” ನೋಡುತ್ತಾ ಕೂತೆ. ಬರೆಯುವಾಗ ಅವನಿಗೆ ಅದು ನಿಜವೇ ಆಗಿತ್ತು ಅಲ್ಲವಾ? ಒಳಗಿರುವುದು ಬೇರೆಯಾಗಿದ್ದರೂ ಬರೆದವನು ಸುಳ್ಳು ಹೇಳಲಿಲ್ಲ. ಒಂದು ಸಂಜೆ ಗೇಟಿನ ಹತ್ತಿರ ನಿಂತು ಮುಚ್ಚಳ ತೆಗೆದೆ, ಅಲ್ಲಿಂದ ಮುಂಬಾಗಿಲ ಮೆಟ್ಟಿಲವರೆಗೆ ಚೆಲ್ಲುತ್ತಾ ನಡೆದುಬಂದೆ. ನೀನು ತೆಳ್ಳಗೆ ಚೆಲ್ಲು ಅಂದಿದ್ದೆ. ಕಣ್ಣು ಮಂಜಾಗಿತ್ತು, ಎಲ್ಲಿ ತೆಳ್ಳಗೆ ಎಲ್ಲಿ ದಪ್ಪಗೆ ಬಿತ್ತೋ ಗೊತ್ತಿಲ್ಲ.

ಈಗ ಉಳಿದದ್ದು.

ಪ್ರತಿ ಭಾನುವಾರ ಅಪ್ಪ ನನಗೆ ಒಂದೇ ಕಥೆ ಹೇಳುತ್ತಿದ್ದ. ಹೊಳೆ ದಾಟಿದ ಎಲ್ಕ್, ಹಾರ್ವಿಯ ಒದ್ದೆ ಬೂಟು, ಬೆಂಕಿ ಹತ್ತದ ಕಟ್ಟಿಗೆ. ಅದೇ ಕಥೆ, ಅದೇ ಪದಗಳಲ್ಲಿ. ನಾನು ಅದನ್ನು ಪಲ್ಲವಿ ಅಂದುಕೊಂಡೆ. ಒಂದೇ ಸಾಲು ಮತ್ತೆ ಮತ್ತೆ ಬಂದರೆ ಅದರಲ್ಲಿ ಅರ್ಥ ಹುಡುಕುವುದನ್ನು ಕಲಿಸುವವಳು ನಾನು. ಎಷ್ಟು ಚೆನ್ನಾಗಿ ಹೇಳುತ್ತಾನೆ ಅಂತ ಸಹೋದ್ಯೋಗಿಗಳಿಗೆ ಹೇಳಿಕೊಂಡು ತಿರುಗಿದೆ. ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ರಜೆ ಹಾಕಿ ಬರುತ್ತಿದ್ದೆ. ಅವನ ಜೊತೆ ಒಂದು ಚಳಿಗಾಲವಾದರೂ ಇರುತ್ತಿದ್ದೆ. ನನಗೆ ಪೂರ್ತಿ ಅಪ್ಪ ಬೇಕಿರಲಿಲ್ಲ ಟ್ವೈಲಾ. ಇದ್ದಷ್ಟು ಅಪ್ಪ ಸಾಕಿತ್ತು.

ನೀನು ಕೊಟ್ಟ ಮಾತು ಉಳಿಸಿಕೊಂಡೆ, ಸರಿ. ಅದರ ಬೆಲೆಯನ್ನು ನನ್ನ ಕೈಯಿಂದ ಕೇಳದೆ ತೆಗೆದುಕೊಂಡೆ. ಅವನು ಸತ್ತ ಮೇಲೂ ಆರು ತಿಂಗಳು ಸುಮ್ಮನಿದ್ದೆ. ಆಗ ಯಾರಿಗೆ ಕೊಟ್ಟ ಮಾತು ಕಾಯುತ್ತಿದ್ದೆ? ನನ್ನ ಕೆನ್ನೆ ಸುಡುವ ಹೊತ್ತು ಬಂದಾಗ ಮಾತ್ರ ನಿನ್ನ ಬಾಯಿಗೆ “ಯಾಕೆಂದರೆ” ಬಂತು.

ಪೊಲೀಸರ ಮಾತು ಆಡಿದ್ದು ನಿಜ. ನೀನು ಅಲ್ಲಿ ನಿಂತಿದ್ದೆ ಅಂತ ಗೊತ್ತಿದ್ದರೂ ಆಡುತ್ತಿದ್ದೆನೋ ಏನೋ.

ನೀನು ಪಟ್ಟಿ ಸುಡು ಅಂದಿದ್ದೆ. ಸುಡಲು ಆಗಲಿಲ್ಲ. ಡಬ್ಬಿಯಿಂದ ಕಿತ್ತು ಈ ಕಾಗದದ ಕೆಳಗೆ ಅಂಟಿಸಿದ್ದೇನೆ. ನೀನು ಕಳಿಸಿದ ಹಿತ್ತಾಳೆ ನನ್ನ ಹತ್ತಿರ ಇರಲಿ.

ಕೊರಿನ್


ಶೆಲ್ ಕ್ರೀಕ್
ನವೆಂಬರ್ 28

ಕೊರಿನ್,

ಇವತ್ತು ಬೇಟೆಯ ಕೊನೆಯ ದಿನ. ಈ ವರ್ಷ ನಾನೂ ಹೋಗಲಿಲ್ಲ. ನಿನ್ನ ಪರವಾನಗಿ ದಂಡವಾಯಿತು, ನನ್ನದೂ. ಎಲ್ಕ್‌ಗಳು ನಮ್ಮಿಬ್ಬರಿಗೂ ಋಣಿ.

ನಿನ್ನ ಕಾಗದಕ್ಕೆ ಮೂರು ಉತ್ತರ ಬರೆದೆ, ಮೂರನ್ನೂ ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ನಾನೇ ಸರಿ ಅಂತ ಇತ್ತು. ಎರಡನೆಯದು ಉದ್ದವಾಯಿತು. ಮೂರನೆಯದರಲ್ಲಿ ಅಳುಕು ಜಾಸ್ತಿ ಇತ್ತು.

ಇದು ನಾಲ್ಕನೆಯದು. ಅಪ್ಪ ಸತ್ತ ಮೇಲೆ ಹೇಳಬೇಕಾಗಿತ್ತು. ಹೇಳಲಿಲ್ಲ, ಯಾಕೆಂದರೆ ನಿನ್ನ ಮೇಲಿನ ಸಿಟ್ಟು ನನಗೆ ಬೇಕಾಗಿತ್ತು. ಅದನ್ನು ಬಿಟ್ಟರೆ ಆ ಎರಡು ವರ್ಷದಿಂದ ನನಗೇನೂ ಉಳಿಯುತ್ತಿರಲಿಲ್ಲ.

ಪಟ್ಟಿಯನ್ನು ಬೆಂಚಿನ ಅಂಚಿಗೆ ಅಂಟಿಸಿದ್ದೇನೆ. ಅಲ್ಲಿ ಅದು ಯಾರಿಗೂ ಮೋಸ ಮಾಡುವುದಿಲ್ಲ.

ಅಪ್ಪನ ಕೋವಿಗೆ ಹೊಂದುವ ಮದ್ದು ಒಂದು ಡಬ್ಬಿ ಇಟ್ಟಿದ್ದೇನೆ. ಸೀಲು ಒಡೆದಿಲ್ಲ. ತುಂಬಿ ಕೊಡುವುದಿಲ್ಲ. ಬೇಕಿದ್ದರೆ ನೀನೇ ಬಂದು, ನೀನೇ ಸೀಲು ಒಡೆದು, ನೀನೇ ಕೂತು ತುಂಬಿಕೊಳ್ಳಬೇಕು. ನಾನು ಪಕ್ಕದಲ್ಲಿ ನಿಂತು ಬೈಯುತ್ತೇನೆ.

ಕಣಿವೆ ದಾರಿ ಈಗ ಹಿಮದಲ್ಲಿ ಮುಚ್ಚಿದೆ. ಮೇ ತಿಂಗಳಿಗೆ ತೆರೆಯುತ್ತದೆ.

ಟ್ವೈಲಾ


ಕೋಲ್ಟರ್ ಫ್ಲಾಟ್
ಮೇ 17

ಟ್ವೈಲಾ,

ದಾರಿ ತೆರೆದಿದೆ ಅಂತ ರೇಡಿಯೋದಲ್ಲಿ ಹೇಳಿದರು. ನಿನ್ನೆ ಬ್ಯಾಗು ಕಟ್ಟಿದೆ, ಇವತ್ತು ಬೆಳಿಗ್ಗೆ ಬಿಚ್ಚಿದೆ. ಚಳಿಗಾಲವೆಲ್ಲ ನಿನ್ನ ಕಾಗದ ನನ್ನ ಮೇಜಿನ ಮೇಲೇ ಇತ್ತು. “ನಿನ್ನ ಮೇಲಿನ ಸಿಟ್ಟು ನನಗೆ ಬೇಕಾಗಿತ್ತು” ಎನ್ನುವ ಸಾಲನ್ನು ಓದಿದಾಗಲೆಲ್ಲ ಹೊಸದಾಗಿ ಸಿಟ್ಟು ಬರುತ್ತಿತ್ತು. ಅದು ನನ್ನ ಸಾಲೂ ಹೌದು ಎನ್ನುವುದೇ ಅದಕ್ಕೆ ಕಾರಣ. ಇನ್ನೂ ಒಂದು ತಿಂಗಳು ಕಳೆಯಲಿ, ಇನ್ನೊಂದು ಕಾಗದ ಬರೆದು ಜಗಳವಾಡಿ ಆಮೇಲೆ ನೋಡೋಣ ಅಂದುಕೊಂಡು ಕೂತಿದ್ದೆ. ಆಗ ಡೆಲ್ಫೀನ್ ಬಂದಳು.

ಹಿಮ ಕರಗಿ ಅಂಗಳದ ಹುಲ್ಲು ಈಗತಾನೆ ಚಿಗುರುತ್ತಿದೆ. ಎಲ್ಲ ಕಡೆ ಒಣ ಹಳದಿ. ಗೇಟಿನಿಂದ ನನ್ನ ಮೆಟ್ಟಿಲವರೆಗೆ ಮಾತ್ರ ಒಂದು ಪಟ್ಟಿ, ಕಡುಹಸಿರು, ಕಣಕಾಲಿಗೆ ಬರುವಷ್ಟು. ಓರೆಕೋರೆಯಾಗಿ ಬಂದು, ನಡುವೆ ಒಂದು ಕಡೆ ನಿಂತು ದಪ್ಪಗಾಗಿ, ಮತ್ತೆ ಮುಂದುವರಿದು ಬಾಗಿಲಿಗೆ ಮುಟ್ಟಿದೆ. ಡೆಲ್ಫೀನ್ ಅದರ ಮೇಲೆ ಕಾಲಿಡದೆ ಪಕ್ಕದಲ್ಲೇ ನಡೆದುಬಂದಳು.

“ಏನ್ ಹಾಕಿದೀಯೇ ಇದಕ್ಕೆ? ನನ್ನ ಕಡೆಗೂ ಒಂಚೂರು ಹಾಕಬಾರದಾ?”

“ನಿಮ್ಮ ಗ್ಯಾರೇಜಿನದೇ ಡೆಲ್ಫೀನ್. ಅಪ್ಪನ ಡಬ್ಬಿ.”

ಅವಳ ನಗು ನಿಂತಿತು. ಒಳಗೆ ಬನ್ನಿ ಅಂದೆ. ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹುಲ್ಲಿನ ಕಡೆಗೇ ನೋಡುತ್ತಾ ನಿಂತಳು. ಬ್ಯಾಗನ್ನು ಮತ್ತೆ ಕಟ್ಟಿದ್ದೇನೆ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ, ಕೋವಿ ತರುತ್ತೇನೆ, ಬೈಯಲು ತಯಾರಾಗಿರು. ಆದರೆ ಅವಳು ಅಲ್ಲಿ ನಿಂತು ಹೇಳಿದ್ದನ್ನು ನೀನು ನನಗಿಂತ ಮೊದಲು ಕೇಳಬೇಕಾಗಿತ್ತು ಅನ್ನಿಸಿತು, ಅದಕ್ಕೇ ಇದನ್ನು ಮುಂಚೆಯೇ ಕಳಿಸುತ್ತಿದ್ದೇನೆ.

ಕೊರಿನ್

ಅವಳು ಹೇಳಿದ್ದು ಇದು: “ಆ ಡಬ್ಬೀನಾ? ಬೇಟೆ ಕಾಲ ಬಂತು ಅಂದ್ರೆ ಹಾರ್ವಿ ಅದನ್ನ ಶೆಲ್ಫಿಂದ ಇಳಿಸೋನು, ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸೋನು, ಮತ್ತೆ ಅಲ್ಲೇ ಇಡೋನು. ‘ಬಳಸಲ್ಲ ಅಂದ್ಮೇಲೆ ಎಸೀರಿ,’ ಅಂದ್ರೆ, ‘ಶ್, ಸುಮ್ನಿರೇ,’ ಅನ್ನೋನು, ‘ನಾನು ಬಳಸಿಲ್ಲ ಅಂತ ಆರ್ಲೋಗೆ ಗೊತ್ತಾಗ್ಬಾರ್ದು, ನೊಂದ್ಕೋತಾನೆ.’”